ಬಾಡಿಗೆ ಮನೆಯ ಹಣ ಮೊದಲು ಮಾಳಿಗೆಗೆ

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ ಎಂಟಕ್ಕೆ ತೆರೆದ ಕಚೇರಿ ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಬಿಸಿಲಿಗೆ ಅಂಜಿ ನೌಕರರಿಗೆ ಕೊಟ್ಟ ಈ ಸವಲತ್ತನ್ನು ಮನೆ ಬಾಡಿಗೆಗೆ ಕೊಡುವವರು ತಮ್ಮ ಕಡೆಯಿಂದ ಒಮ್ಮೆ ನೋಡಬೇಕು. ಬಿಸಿಲು ನಲವತ್ತು ಡಿಗ್ರಿ ದಾಟುವ ಹೊತ್ತಿಗೆ ಸರಿಯಾಗಿ ಬಾಡಿಗೆದಾರರು ಮನೆ ಸೇರುತ್ತಾರೆ, ಸಂಜೆಯವರೆಗೆ ಅದೇ ಸ್ಲ್ಯಾಬಿನ ಕೆಳಗೆ ಕಾಲ ಕಳೆಯುತ್ತಾರೆ. ಶಾಲೆಗೂ ಆಗ ರಜೆ, ಮಕ್ಕಳೂ ಒಳಗೇ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟ್ ಮಧ್ಯಾಹ್ನ ಕುಡಿದ ಕಾವನ್ನು ಕೆಳಗಿನ ಖೋಲಿಗೆ ಇಳಿಸಲು ಮೂರು ನಾಲ್ಕು ತಾಸು ಬೇಕು. ಹಾಗಾಗಿ ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಒಳಗೆ ಸೆಕೆ ಏರುತ್ತದೆ, ರಾತ್ರಿ ಹತ್ತಾದರೂ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಇಂಥ ಮನೆಯಲ್ಲಿ ಒಂದು ಬೇಸಿಗೆ ಕಳೆದವರು ಇನ್ನೊಂದು ಬೇಸಿಗೆಗೆ ಉಳಿಯುವರೇ ಎಂಬುದು ನೆಲದ ಟೈಲ್ಸಿನ ಹೊಳಪಿನ ಮೇಲೆ ನಿಂತಿಲ್ಲ.

ಆದರೆ ಒಬ್ಬ ಬಾಡಿಗೆದಾರ ಬಿಟ್ಟು ಇನ್ನೊಬ್ಬ ಬರುವ ನಡುವೆ ಮಾಲೀಕರ ಕೈಯಿಂದ ಹೊರಡುವ ಹಣ ಸಾಮಾನ್ಯವಾಗಿ ಟೈಲ್ಸಿಗೇ ಹೋಗುತ್ತದೆ. ಗೋಡೆಗೆ ಪುಟ್ಟಿ ಮತ್ತು ಹೊಸ ಬಣ್ಣ, ಹಾಲಿಗೆ ಪಿಒಪಿ, ಅಡುಗೆಕಟ್ಟೆಗೆ ಕಪ್ಪು ಗ್ರಾನೈಟು, ಇದ್ದ ಶಾಹಾಬಾದ್ ಕಲ್ಲು ಕಿತ್ತು ಎರಡಡಿ ಉದ್ದಗಲದ ವಿಟ್ರಿಫೈಡ್ ಟೈಲು. ಇಷ್ಟಾದ ಮೇಲೆ ಹಣ ಉಳಿದರೆ ಮಾಳಿಗೆ, ಪೈಪು, ವಯರಿಂಗು. ಉಳಿಯದಿದ್ದರೆ ಮುಂದಿನ ಸಲ. ಈ ಸರದಿಯನ್ನು ತಲೆಕೆಳಗು ಮಾಡಬೇಕು ಎಂಬುದು ಈ ಲೇಖನದ ವಾದ. ಕಲಬುರಗಿಯಂಥ ಊರಿನಲ್ಲಿ ಬಾಡಿಗೆ ಮನೆಯ ಆದಾಯ ಉಳಿಯುವುದು ಮನೆ ನೋಡಲು ಬಂದ ದಿನ ಕಣ್ಣಿಗೆ ಬೀಳದ ಕಡೆ ಮಾಡಿದ ಖರ್ಚಿನಿಂದ. ಮೇಲೆ ಮಾಳಿಗೆ, ಕೆಳಗೆ ಪಾಯದ ಸುತ್ತಲಿನ ನೀರು, ಗೋಡೆಯೊಳಗೆ ವಯರು ಮತ್ತು ಪೈಪು. ಈ ನಾಲ್ಕು ಮುಗಿಯದೆ ಐದನೆಯದಕ್ಕೆ ಕೈ ಹಾಕುವುದು ವ್ಯಾಪಾರದ ಲೆಕ್ಕದಲ್ಲಿಯೇ ನಷ್ಟ.

ಲೆಕ್ಕವನ್ನೇ ಹಿಡಿಯೋಣ. ತಿಂಗಳಿಗೆ 8,000 ರೂಪಾಯಿ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ಒಳಗಿನ ಅಂದಚಂದಕ್ಕೆ ಖರ್ಚು ಮಾಡಿ ಬಾಡಿಗೆಯನ್ನು ಶೇ 5ರಷ್ಟು ಏರಿಸಿದರೆ ತಿಂಗಳಿಗೆ ಸಿಗುವುದು ಹೆಚ್ಚುವರಿ 400 ರೂಪಾಯಿ. ಅದೇ ಮನೆ ಬೇಸಿಗೆಯ ನಂತರ ಎರಡು ತಿಂಗಳು ಖಾಲಿ ಬಿದ್ದರೆ ಹೋಗುವುದು 16,000. ಆ 400 ರೂಪಾಯಿ ಕೂಡಿ ಈ ನಷ್ಟ ತುಂಬಲು 40 ತಿಂಗಳು ಬೇಕು, ಟೈಲ್ಸಿಗೆ ಹಾಕಿದ ಹಣದ ಮಾತು ಇನ್ನೂ ಬಂದಿಲ್ಲ. ಮನೆ ಖಾಲಿಯಾದಾಗಲೆಲ್ಲ ಬಣ್ಣ, ಸಣ್ಣಪುಟ್ಟ ದುರಸ್ತಿ, ಕೆಲವೊಮ್ಮೆ ಏಜೆಂಟರ ಕಮಿಷನ್ನು ಬೇರೆ. ಅಂದಮೇಲೆ ಮಾಲೀಕರು ಬಾಡಿಗೆ ಎಷ್ಟು ಏರೀತು ಎಂದು ಕೇಳಿಕೊಳ್ಳುವುದಕ್ಕಿಂತ, ಇದ್ದವರು ಯಾಕೆ ಬಿಟ್ಟು ಹೋಗುತ್ತಾರೆ ಎಂದು ಕೇಳಿಕೊಳ್ಳುವುದು ಲಾಭ. ವರ್ಗಾವಣೆ, ಓದು ಮುಗಿದದ್ದು, ಸ್ವಂತ ಮನೆ ಕಟ್ಟಿಸಿದ್ದು, ಇವು ಮಾಲೀಕರ ಕೈಯಲ್ಲಿಲ್ಲ. ಸೋರುವ ಮಾಳಿಗೆ, ಸರಿಯಾಗಿ ಬಾರದ ನೀರು, ಕೂಲರ್ ಹಚ್ಚಿದರೆ ಬೀಳುವ ಫ್ಯೂಸು, ಇವು ಇವೆ.

ಬಾಡಿಗೆಗೆ ಬರುವವರು ಯಾರು ಎಂಬುದನ್ನೂ ನೋಡಬೇಕು. 1958ರ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1963ರ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, 1980ರ ಗುಲಬರ್ಗಾ ವಿಶ್ವವಿದ್ಯಾಲಯ, ಇವುಗಳ ಸುತ್ತ ಹಳೆಯ ಬಾಡಿಗೆ ಪೇಟೆ ಬೆಳೆಯಿತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆಯಿತು. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಮುಂದೆ ಕಡಗಂಚಿಯಲ್ಲಿ ನೆಲೆಸಿತು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿಂದ ಈ ಭಾಗದ ತರುಣರಿಗೆ ಇಲ್ಲಿಯೇ ನೌಕರಿ ಸಿಕ್ಕಿತು. ಹೀಗೆ ಬಂದವರಲ್ಲಿ ದೊಡ್ಡ ಪಾಲು ತಿಂಗಳ ಸಂಬಳದವರು, ಒಳ್ಳೆಯ ಮನೆ ಸಿಕ್ಕರೆ ನಾಲ್ಕೈದು ವರ್ಷ ಕದಲದವರು. ಅವರನ್ನು ಕರೆಯುವುದು ಬಣ್ಣ ಇರಬಹುದು, ಉಳಿಸುವುದು ಬೇರೆ.

ಮಾಳಿಗೆಯ ಕೆಲಸದಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ಬೇಗ ಫಲ ಕೊಡುವುದೂ ಬಿಳಿ ಬಳಿಯುವುದು. ಹಳೆಯ ಕಪ್ಪಡರಿದ ಸಿಮೆಂಟು ಬಿಸಿಲಿನ ಬಹುಪಾಲನ್ನು ಹೀರಿಕೊಂಡರೆ, ಹೊಸದಾಗಿ ಬಿಳಿ ಬಳಿದ ಮೇಲ್ಮೈ ಬಹುಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಕೆಳಗಿನ ಖೋಲಿಯ ಕಾವು ಇದರಿಂದ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ ಎಂಬುದು ಅಹಮದಾಬಾದ್, ಹೈದರಾಬಾದಿನ ಅನುಭವ. ನಮ್ಮ ಗಡಿಗೇ ಹತ್ತಿದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಐದು ವರ್ಷದ ತಂಪು ಮಾಳಿಗೆ ನೀತಿಯನ್ನು ತಂದಿತು. ಸೇಡಂ ದಾಟಿದರೆ ಸಿಗುವ ಆ ರಾಜ್ಯದ ಬಿಸಿಲು ಬೇರೆಯಲ್ಲ, ನಮ್ಮದು ಬೇರೆಯಲ್ಲ. ಎರಡು ಡಿಗ್ರಿ ಏನು ಮಹಾ ಎನ್ನುವವರು ರಾತ್ರಿ ನಿದ್ದೆಯ ಲೆಕ್ಕದಲ್ಲಿ ಅದನ್ನು ಅಳೆಯಬೇಕು. ಸುಣ್ಣ ಬಳಿದರೆ ಪ್ರತಿ ಫೆಬ್ರುವರಿಯಲ್ಲಿ ಮತ್ತೆ ಬಳಿಯಬೇಕು, ಬಿಸಿಲು ತಡೆಯುವ ಬಣ್ಣವಾದರೆ ಎರಡು ಮೂರು ವರ್ಷ ಬರುತ್ತದೆ. ಎರಡಕ್ಕೂ ಧೂಳೇ ವೈರಿ. ಕಲಬುರಗಿಯ ಧೂಳಿಗೆ ಒಂದು ಬೇಸಿಗೆಯೊಳಗೆ ಬಿಳುಪು ಮಾಸುವುದರಿಂದ ಬಿಸಿಲು ಜೋರಾಗುವ ಮುನ್ನ ಒಮ್ಮೆ ಕಸಬರಿಗೆ ಹಾಕಿ ತೊಳೆಸಬೇಕು.

ಕೆಲವರು ಮಾಳಿಗೆಯ ಮೇಲೆ ಪತ್ರಾ ಹೊದಿಸುತ್ತಾರೆ. ಸ್ಲ್ಯಾಬಿಗೆ ನೆರಳು ಬೀಳುವುದರಿಂದ, ನಡುವೆ ಗಾಳಿ ಆಡುವುದರಿಂದ ಇದು ಬಿಸಿಲಿಗೂ ಮಳೆಗೂ ಒಳ್ಳೆಯ ಉಪಾಯವೇ. ಕೆಡುವುದು ಎರಡು ಕಡೆ. ಕಂಬ ನಿಲ್ಲಿಸಲು ಸ್ಲ್ಯಾಬಿಗೇ ತೂತು ಕೊರೆದು ಬೋಲ್ಟ್ ಹಾಕಿದರೆ, ಸೋರದ ಮಾಳಿಗೆಯೂ ಮುಂದಿನ ಮಳೆಗೆ ಅದೇ ತೂತುಗಳಿಂದ ಸೋರುತ್ತದೆ. ಕಂಬವನ್ನು ಕೆಳಗಿನ ಪಿಲ್ಲರಿನ ಮೇಲೆಯೇ ಹೊಂದಿಸಿ ನಿಲ್ಲಿಸಬೇಕು. ಇನ್ನೊಂದು, ಸುತ್ತ ಗೋಡೆ ಎಬ್ಬಿಸಿ ಅದನ್ನೇ ವಿದ್ಯಾರ್ಥಿಗಳಿಗೆ ಖೋಲಿ ಎಂದು ಕೊಡುವುದು. ಮೇ ತಿಂಗಳ ಮಧ್ಯಾಹ್ನ ಪತ್ರಾದ ಕೆಳಗೆ ಒಂದು ಗಂಟೆ ಕೂತು ಬಂದ ಮಾಲೀಕರು ಅದಕ್ಕೆ ಬಾಡಿಗೆ ಕೇಳಲಾರರು.

ಸೋರಿಕೆಯ ಮಾತು ಬಿಸಿಲಿಗಿಂತ ಗಂಭೀರ. ಇಲ್ಲಿ ವರ್ಷದ ಮಳೆ ಜಾಸ್ತಿಯಲ್ಲ, ಆದರೆ ಬರುವಾಗ ಒಮ್ಮೆಲೇ ಬರುತ್ತದೆ, ಸೆಪ್ಟೆಂಬರಿನಲ್ಲಿ ಹೆಚ್ಚು. ನೀರು ಮಾಳಿಗೆಯ ಮೇಲೆ ನಿಂತರೆ ಯಾವ ಕೆಮಿಕಲ್ಲೂ ಬಹಳ ದಿನ ಕಾಯದು. ನೂರು ಅಡಿಗೆ ಒಂದಡಿಯಷ್ಟಾದರೂ ಇಳಿಜಾರು, ಕಸ ಕಟ್ಟದ ಅಗಲವಾದ ನೀರುಕಂಡಿ, ಕಟ್ಟೆಗೋಡೆಯೂ ಸ್ಲ್ಯಾಬೂ ಕೂಡುವ ಮೂಲೆಯಲ್ಲಿ ದುಂಡಗೆ ಮಾಡಿದ ಗಿಲಾವು, ಮೊದಲು ಬೇಕಾದದ್ದು ಇವು. ಸೋರಿದಾಗಲೆಲ್ಲ ಹಳೆಯ ಇಟ್ಟಿಗೆ ಚೂರಿನ ಗಾರೆಯ ಮೇಲೆ ಇನ್ನೊಂದು ಪದರ ಗಾರೆ ಹಾಕಿಸುವ ರೂಢಿ ಅಪಾಯದ್ದು. ನಾಲ್ಕು ಅಂಗುಲದ ಅಂಥ ಪದರ ಒಂದು ಚದರ ಮೀಟರಿಗೆ ಹತ್ತಿರಹತ್ತಿರ 200 ಕಿಲೋ ತೂಗುತ್ತದೆ. 600 ಚದರಡಿಯ ಮಾಳಿಗೆ ಎಂದರೆ ಹನ್ನೊಂದು ಟನ್ ಹೊಸ ಭಾರ, ಅದೂ ಒಳಗೊಳಗೇ ತುಕ್ಕು ತಿನ್ನುತ್ತಿರುವ ಕಬ್ಬಿಣದ ಮೇಲೆ. ಹಳೆಯದನ್ನು ಕಿತ್ತೇ ಹೊಸದು ಹಾಕಬೇಕು. ಹಳೆ ಊರಿನ ಓಣಿಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆ ಮನೆಗಳಿಗೂ ಇದೇ ಮಾತು. ವರ್ಷವರ್ಷ ಮಣ್ಣು ಹಾಕುತ್ತ ಹೋದರೆ ತೊಲೆಯ ಮೇಲೆ ಭಾರ ಕೂಡುತ್ತದೆ, ದೊಡ್ಡ ಮಳೆಗೆ ಆ ಮಣ್ಣು ನೀರು ಕುಡಿದು ಇನ್ನಷ್ಟು ತೂಗುತ್ತದೆ, ಮಳೆಗಾಲದ ಪತ್ರಿಕೆಗಳಲ್ಲಿ ಮನೆ ಕುಸಿದ ಸುದ್ದಿ ಬರುವುದು ಹೀಗೆ. ತೊಲೆ, ಜಂತಿ ಪರೀಕ್ಷಿಸದೆ ಅಂಥ ಮನೆಯನ್ನು ಬಾಡಿಗೆಗೆ ಕೊಡುವುದು ಕಾನೂನಿನ ಮಾತು ಬದಿಗಿರಲಿ, ಮನುಷ್ಯತ್ವಕ್ಕೆ ಒಪ್ಪುವ ಕೆಲಸವಲ್ಲ.

ಸ್ಲ್ಯಾಬಿನ ಅಡಿಯಲ್ಲಿ ಗಿಲಾವು ಉಬ್ಬಿ, ಸಾಲಾಗಿ ಕಂದು ಗೆರೆ ಮೂಡಿ, ಒಂದು ದಿನ ಹಪ್ಪಳದಂತೆ ಕಳಚಿ ಬೀಳುವುದನ್ನು ಎಂಬತ್ತು ತೊಂಬತ್ತರ ದಶಕದ ಮನೆಗಳಲ್ಲಿ ಕಾಣುತ್ತೇವೆ. ಕಬ್ಬಿಣ ತುಕ್ಕಾದರೆ ಮೂಲ ಗಾತ್ರದ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ, ಹಿಗ್ಗಿದ್ದು ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಸರಳಿನ ಕೆಳಗೆ ಇರಬೇಕಾದ ಮುಕ್ಕಾಲು ಅಂಗುಲದ ಕಾಂಕ್ರೀಟ್ ಹೊದಿಕೆ ಹಲವು ಕಡೆ ಅರ್ಧವೂ ಇರುವುದಿಲ್ಲ. ಇದಕ್ಕೆ ಗೌಂಡಿಯನ್ನು ಕರೆದು ಸಡಿಲಾದದ್ದನ್ನೆಲ್ಲ ಕುಟ್ಟಿ ಉದುರಿಸಿ, ಸರಳನ್ನು ತಂತಿ ಬ್ರಷ್ಷಿನಿಂದ ಹೊಳಪು ಬರುವವರೆಗೆ ತಿಕ್ಕಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆ ಒತ್ತಿಸಬೇಕು. ಸರಳು ಕಾಲು ಭಾಗದಷ್ಟು ಸವೆದಿದ್ದರೆ ಎಂಜಿನಿಯರರನ್ನೇ ಕರೆಸಬೇಕು. ಇದಾವುದೂ ಇಲ್ಲದೆ ಕೆಳಗಿನಿಂದ ಪಿಒಪಿ ಹೊದಿಸಿ ಮರೆಮಾಚಿದರೆ ತುಕ್ಕು ನಿಲ್ಲುವುದಿಲ್ಲ, ಕಾಣುವುದು ಮಾತ್ರ ನಿಲ್ಲುತ್ತದೆ. ಬಾಡಿಗೆ ಮನೆಯಲ್ಲಿ ಪಿಒಪಿ ಬೇಡ ಎನ್ನಲು ಇದೊಂದೇ ಕಾರಣ ಸಾಕು.

ಇನ್ನು ನೆಲ. ಕಲಬುರಗಿಯ ಹೆಚ್ಚಿನ ಬಡಾವಣೆಗಳು ಎರೆಮಣ್ಣಿನ ಮೇಲೆ ಕೂತಿವೆ. ಆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ. ಇದರ ಮೇಲೆ ಕಟ್ಟಲು ಬುಡದಲ್ಲಿ ಗುಡಾಣದಂತೆ ಅಗಲವಾಗುವ ಕಂಬಪಾಯದ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ರೂಪಿಸಿ ಕೊಟ್ಟಿದೆ, ಆದರೆ ಹಳೆಯ ಮನೆಗಳು ಅದಿಲ್ಲದೆಯೇ ಎದ್ದಿವೆ. ಕಿಟಕಿ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಅದರ ಗುರುತು. ಬಾಡಿಗೆದಾರ ಬಿಟ್ಟ ಕೂಡಲೇ ಆ ಬಿರುಕಿಗೆ ಸಿಮೆಂಟು ತುಂಬಿ ಬಣ್ಣ ಹೊಡೆಸುವುದು ಎಲ್ಲರೂ ಮಾಡುವ ಕೆಲಸ, ಬಿರುಕು ಮರುವರ್ಷ ಅಲ್ಲಿಯೇ ಅಥವಾ ಪಕ್ಕದಲ್ಲಿ ಏಳುವುದು ಎಲ್ಲರೂ ಕಂಡದ್ದು. ಅದರ ಬದಲು ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೆ ಗಾರೆ ಹಾಕಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದು ಬಿಡಬೇಕು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಗಾಜು ಇಡಿಯಾಗಿದ್ದರೆ ಬಿರುಕು ನಿಂತಿದೆ, ತುಂಬಿಸಬಹುದು. ಒಡೆದಿದ್ದರೆ ದುರಸ್ತಿ ಮಾಡಬೇಕಾದದ್ದು ಗೋಡೆಯನ್ನಲ್ಲ, ಗೋಡೆಯ ಬುಡಕ್ಕೆ ಹೋಗುವ ನೀರನ್ನು.

ಆ ನೀರು ಬರುವ ದಾರಿ ಹುಡುಕಲು ಎಂಜಿನಿಯರರು ಬೇಕಿಲ್ಲ. ಮಾಳಿಗೆಯ ಪೈಪು ಗೋಡೆಯ ಬುಡದಲ್ಲೇ ನೀರು ಸುರಿಯುತ್ತಿರುತ್ತದೆ. ಬಚ್ಚಲಿನ ಚೇಂಬರ್ ಒಡೆದಿರುತ್ತದೆ. ಕೂಲರಿನಿಂದ ತೊಟ್ಟಿಕ್ಕಿದ ನೀರು ಹಗಲೆಲ್ಲ ಒಂದೇ ಮೂಲೆಗೆ ಇಳಿಯುತ್ತಿರುತ್ತದೆ. ಚೆಂದಕ್ಕೆಂದು ನೆಟ್ಟ ಗಿಡ ಈಗ ಮರವಾಗಿ ಪಾಯದ ಕೆಳಗಿನ ತೇವವನ್ನು ಬೇಸಿಗೆಯಲ್ಲಿ ಹೀರುತ್ತಿರುತ್ತದೆ. ಮನೆಯ ಸುತ್ತ ಮೂರು ನಾಲ್ಕು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಫರಸಿ ಹಾಸಿ, ಸಂದು ತುಂಬಿಸಿ, ಪೈಪಿನ ನೀರನ್ನು ಗಟಾರದವರೆಗೆ ಒಯ್ದರೆ ಪಾಯದ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿ ಇರುತ್ತದೆ. ಗೋಡೆಯ ಬಿರುಕಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಫರಸಿಯ ಮಾತು ಬಂದಾಗ ಒಳಗಿನ ನೆಲದ ಬಗ್ಗೆಯೂ ಹೇಳಬೇಕು. ಶಾಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ಸುಣ್ಣಕಲ್ಲು ಇಲ್ಲಿಯ ಸಿಮೆಂಟ್ ಕಾರ್ಖಾನೆಗಳ ಅನ್ನ, ಮತ್ತು ಎಷ್ಟೋ ರೈಲು ನಿಲ್ದಾಣಗಳ ನೆಲ. ಅದನ್ನು ಹಳೆಯ ಫ್ಯಾಷನ್ ಎಂದು ಕಿತ್ತೆಸೆಯುವುದು ಕಲಬುರಗಿಯ ಮಾಲೀಕರ ದುಬಾರಿ ತಪ್ಪುಗಳಲ್ಲಿ ಒಂದು. ಎರೆಮಣ್ಣಿನ ಮೇಲಿನ ನೆಲ ಒಂದಿಷ್ಟು ಕುಸಿದೇ ಕುಸಿಯುತ್ತದೆ. ದೊಡ್ಡ ಟೈಲು ಆಗ ಕೆಳಗೆ ಟೊಳ್ಳಾಗಿ, ತಟ್ಟಿದರೆ ಸದ್ದು ಬದಲಾಗಿ, ಮಂಚದ ಕಾಲಿನ ಕೆಳಗೆ ಬಿರಿಯುತ್ತದೆ. ಅದೇ ಬಣ್ಣದ್ದು ಐದು ವರ್ಷದ ನಂತರ ಅಂಗಡಿಯಲ್ಲಿ ಸಿಗುವುದಿಲ್ಲ. ಶಾಹಾಬಾದ್ ಕಲ್ಲಾದರೆ ಕುಸಿದ ನಾಲ್ಕು ಕಲ್ಲು ಎಬ್ಬಿಸಿ, ಕೆಳಗೆ ಉಸುಕು ತುಂಬಿ ಕುಟ್ಟಿ, ಮತ್ತೆ ಅವನ್ನೇ ಕೂಡಿಸಬಹುದು, ಮೇಲೆ ಒಮ್ಮೆ ಪಾಲಿಶ್ ಹೊಡೆಸಿದರೆ ಹೊಸದೇ. ಬೇಸಿಗೆಯಲ್ಲಿ ಬರಿಗಾಲಿಗೆ ಅದರ ತಂಪು ಬೇರೆ ಲೆಕ್ಕ. ಅದಕ್ಕಿರುವ ಶತ್ರು ಒಂದೇ, ಆಸಿಡ್. ಸುಣ್ಣಕಲ್ಲಿಗೆ ಆಸಿಡ್ ತಾಗಿದರೆ ನೊರೆ ಉಕ್ಕಿ ಹೊಳಪು ಹೋಗಿ ಕಲ್ಲು ಒರಟಾಗುತ್ತದೆ. ಹಾಗಾಗಿ ಬಚ್ಚಲು, ಸಂಡಾಸಿನಲ್ಲಿ ಆ ಕಲ್ಲು ಬೇಡ, ಅಲ್ಲಿ ಜಾರದ ಒರಟು ಟೈಲು ಇರಲಿ. ಮನೆ ಕೊಡುವಾಗಲೇ ಹಾಲು, ಖೋಲಿಗಳ ನೆಲಕ್ಕೆ ಆಸಿಡ್ ಹಾಕಬಾರದೆಂದು ಕರಾರುಪತ್ರದಲ್ಲಿ ಒಂದು ಸಾಲು ಬರೆಸಬಹುದು.

ವಯರಿಂಗಿನ ವಿಷಯದಲ್ಲಿ ಒಂದು ಹೊಸ ಕಾರಣ ಕೂಡಿಕೊಂಡಿದೆ. ಗೃಹಜ್ಯೋತಿ ಯೋಜನೆಗೆ ಚಾಲನೆ ಸಿಕ್ಕದ್ದು 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿಯೇ. ಚಾಲನೆಯ ಹೊತ್ತಿನ ನಿಯಮದಂತೆ ಮನೆಯ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟು ಯುನಿಟ್ ವಿದ್ಯುತ್ ಉಚಿತ, ಬಾಡಿಗೆದಾರರಿಗೂ ಇದು ಉಂಟು, ತಿಂಗಳ ಬಳಕೆ 200 ಯುನಿಟ್ ಮೀರಿದರೆ ಇಡೀ ಬಿಲ್ಲು ಕಟ್ಟಬೇಕು. ಈಗ ಒಂದು ಸಾಮಾನ್ಯ ಮನೆಯನ್ನು ನೋಡಿ: ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು, ಮೀಟರು ಒಂದೇ. 200 ವಾಟಿನ ಕೂಲರೊಂದು ದಿನಕ್ಕೆ ಹನ್ನೆರಡು ತಾಸು ಓಡಿದರೆ ತಿಂಗಳಿಗೆ 72 ಯುನಿಟ್. ಎರಡು ಸಂಸಾರಕ್ಕೆ ಎರಡು ಕೂಲರ್ ಎಂದರೆ 144, ಮೇಲೆ ಫ್ರಿಜ್ಜು, ಫ್ಯಾನು, ಬೋರಿನ ಮೋಟರು. ಮೇ ತಿಂಗಳಲ್ಲಿ 200 ದಾಟಿ ಇಬ್ಬರಿಗೂ ಸವಲತ್ತು ತಪ್ಪುತ್ತದೆ, ಬಿಲ್ಲು ಹಂಚಿಕೊಳ್ಳುವ ಜಗಳ ಉಳಿಯುತ್ತದೆ. ಪ್ರತಿ ಭಾಗಕ್ಕೂ ಬೇರೆ ಮೀಟರು ಹಾಕಿಸುವುದು ವಿದ್ಯುತ್ ಕಂಪನಿ ಜೆಸ್ಕಾಂಗೆ ಒಂದು ಅರ್ಜಿಯ ಕೆಲಸ. ಬಾಡಿಗೆದಾರರ ಕಿಸೆಯಲ್ಲಿ ತಿಂಗಳಿಗೆ ನಾಲ್ಕಾರು ನೂರು ಉಳಿಸಿಕೊಡುವ ಇಂಥ ಸುಧಾರಣೆ ಯಾವ ಗ್ರಾನೈಟಿನಿಂದಲೂ ಆಗದು.

ಮೀಟರು ಹಾಕಿಸುವಾಗಲೇ ಒಳಗಿನ ತಂತಿಯನ್ನೂ ನೋಡಿಸಬೇಕು. ತಗಡಿನ ಕೂಲರು, ಒದ್ದೆ ನೆಲ, ಬರಿಗಾಲು, ಈ ಮೂರೂ ಕೂಡಿದ ಕಡೆ ಕರೆಂಟು ಹೊಡೆದು ಸಾಯುವುದು ಉತ್ತರ ಕರ್ನಾಟಕದ ಬೇಸಿಗೆಗಳಿಗೆ ಹೊಸತಲ್ಲ. ಇದನ್ನು ತಡೆಯುವುದು 30 ಮಿಲಿಆಂಪಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್. ಮಾಮೂಲಿ ಎಂಸಿಬಿ ವಯರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಅರ್ಥಿಂಗಿನ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಇದ್ದೂ ಇಲ್ಲದಂತೆ, ಅದಕ್ಕೆ ಆಗಾಗ ನೀರು ಬೀಳಬೇಕು. ಕೂಲರ್ ಇಡುವ ಕಿಟಕಿಯ ಪಕ್ಕದಲ್ಲೇ ಮೂರು ಪಿನ್ನಿನ ಸಾಕೆಟ್ಟು, ಹೊರಗೆ ಕೂಲರ್ ನಿಲ್ಲಲು ಒಂದು ಕಬ್ಬಿಣದ ಸ್ಟ್ಯಾಂಡು, ತೊಟ್ಟಿಕ್ಕುವ ನೀರಿಗೆ ಒಂದು ಪೈಪು. ಇಷ್ಟು ಮಾಡಿಟ್ಟ ಮನೆಯಲ್ಲಿ ಬಾಡಿಗೆದಾರರು ಎಕ್ಸ್‌ಟೆನ್ಷನ್ ವಯರು ಎಳೆದು, ಕಿಟಕಿಯ ಸರಳು ಬಗ್ಗಿಸಿ ತಮ್ಮದೇ ದಾರಿ ಹುಡುಕುವುದು ತಪ್ಪುತ್ತದೆ.

ನೀರಿನ ಬಗ್ಗೆ ಸಂಕ್ಷೇಪವಾಗಿ ಇಷ್ಟು. ಬೋರಿನ ನೀರು ಗಡುಸು, ನಳ, ಶವರು, ಗೀಸರಿನ ಕಾಯಿಲ್‌ಗೆ ಬಿಳಿ ಕಟ್ಟುತ್ತದೆ. ಹಳೆಯ ಜಿಐ ಪೈಪು ಒಳಗಿನಿಂದ ಕಟ್ಟಿ ಬೆರಳಿನಷ್ಟು ತೂತು ಉಳಿದಿರುತ್ತದೆ. ಗೋಡೆಯೊಳಗಿನ ಪೈಪು ಬದಲಿಸಲು ಟೈಲು ಒಡೆಯಲೇಬೇಕು. ಹಾಗಾಗಿ ಬಚ್ಚಲಿಗೆ ಹೊಸ ಟೈಲು ಹಾಕಿಸುವ ಮನಸ್ಸಿದ್ದವರು ಪೈಪು ಬದಲಿಸದೆ ಟೈಲಿಗೆ ಕೈ ಹಾಕಬಾರದು. ಪಾಲಿಕೆಯ ನಳದ ನೀರಿಗೂ ಬೋರಿನ ನೀರಿಗೂ ಬೇರೆಬೇರೆ ಟ್ಯಾಂಕು ಇಟ್ಟು ಅಡುಗೆಮನೆಗೆ ನಳದ ನೀರು ಮಾತ್ರ ಬರುವಂತೆ ಮಾಡುವುದು ಸಣ್ಣ ಕೆಲಸ, ದೊಡ್ಡ ಉಪಕಾರ.

ಇದೆಲ್ಲ ಯಾವಾಗ? ಸಿಮೆಂಟಿನ ಕೆಲಸ ನವೆಂಬರಿನಿಂದ ಫೆಬ್ರುವರಿಯೊಳಗೆ, ಮಾಳಿಗೆಯ ಬಣ್ಣ ಮಾರ್ಚಿನೊಳಗೆ. ಒಣ ಬಿಸಿಲಿನಲ್ಲಿ ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ನೀರುಣಿಸಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಮೇ ತಿಂಗಳಲ್ಲಿ ಮಾಡಿದ ಗಿಲಾವಿಗೆ ದಿನಕ್ಕೆ ಮೂರು ಹೊತ್ತು ನೀರು ಹೊಡೆಯುವವರು ಯಾರು? ಮನೆಗಳು ಬದಲಾಗುವುದು ಮಾತ್ರ ಮೇ, ಜೂನಿನಲ್ಲಿ, ಹಾಗಾಗಿ ಕೆಲಸವೂ ಆಗಲೇ ನಡೆಯುತ್ತದೆ, ಕೂದಲೆಳೆಯ ಬಿರುಕೂ ಆಗಲೇ ಹುಟ್ಟುತ್ತದೆ. ಬಾಡಿಗೆದಾರರು ಇರುವಾಗಲೇ ಚಳಿಗಾಲದಲ್ಲಿ ಹೊರಗಿನ ಕೆಲಸ ಮುಗಿಸುವುದು ಅಸಾಧ್ಯವೇನಲ್ಲ. ಮಾಳಿಗೆಗೂ ಅಂಗಳಕ್ಕೂ ಮನೆ ಖಾಲಿ ಇರಬೇಕಿಲ್ಲ.

ಈ ವಾದಕ್ಕೆ ಮಾಲೀಕರು ಹೇಳುವ ಆಕ್ಷೇಪಗಳಲ್ಲಿ ಬಲವಾದದ್ದು ಇದು: ಮನೆ ನೋಡಲು ಬಂದವರು ಮಾಳಿಗೆ ಹತ್ತುವುದಿಲ್ಲ, ಟೈಲ್ಸು ನೋಡುತ್ತಾರೆ, ಪಕ್ಕದ ಮನೆಯಲ್ಲಿ ಹೊಳಪಿದ್ದರೆ ಅಲ್ಲಿಗೆ ಹೋಗುತ್ತಾರೆ. ಇದು ನಿಜ, ಒಪ್ಪಬೇಕಾದ್ದೇ. ಗೋಡೆಗೆ ಚೊಕ್ಕ ಬಣ್ಣ, ಕೆಟ್ಟ ವಾಸನೆ ಇಲ್ಲದ ಬಚ್ಚಲು, ಗಟ್ಟಿ ಚಿಲಕ, ಕಿಟಕಿಗೆ ಸೊಳ್ಳೆ ಜಾಳಿಗೆ, ಇವಿಲ್ಲದೆ ಯಾರೂ ಒಳಗೆ ಕಾಲಿಡುವುದಿಲ್ಲ. ಆದರೆ ಚೊಕ್ಕತನಕ್ಕೂ ಶೃಂಗಾರಕ್ಕೂ ಖರ್ಚಿನಲ್ಲಿ ಬಹಳ ಅಂತರವಿದೆ. ಕಲಬುರಗಿಯಂಥ ಊರಿನಲ್ಲಿ ಮನೆ ಸಿಗುವುದು ಬಹುಮಟ್ಟಿಗೆ ಬಾಯಿಮಾತಿನಿಂದ. ಒಂದೇ ಕಚೇರಿಯವರು, ಒಂದೇ ಆಸ್ಪತ್ರೆಯ ನರ್ಸುಗಳು, ಒಂದೇ ಕಾಲೇಜಿನ ಹಿರಿಯ ಕಿರಿಯರು ಒಬ್ಬರಿಗೊಬ್ಬರು ಹೇಳುತ್ತಾರೆ. ಆ ಮಾತಿನಲ್ಲಿ ಟೈಲ್ಸಿನ ಬಣ್ಣ ಬರುವುದಿಲ್ಲ, ಬೇಸಿಗೆಯಲ್ಲಿ ಮನೆ ಹೇಗೆ, ನೀರು ಹೇಗೆ, ಮಾಲೀಕರು ಹೇಗೆ ಎಂಬ ಮೂರೇ ಪ್ರಶ್ನೆ ಬರುತ್ತವೆ.

ಇನ್ನೊಂದು ಆಕ್ಷೇಪ, ಎಷ್ಟು ಮಾಡಿದರೂ ಬಾಡಿಗೆದಾರರು ಕೆಡಿಸುತ್ತಾರೆ ಎಂಬುದು. ಕೆಡಿಸುವವರು ಇದ್ದಾರೆ. ಆದರೆ ಅವರು ಕೆಡಿಸಬಹುದಾದದ್ದು ಗೋಡೆಯ ಬಣ್ಣ, ನಳ, ಸ್ವಿಚ್ಚು, ಜಾಳಿಗೆ, ಅಂದರೆ ಶೃಂಗಾರದ ಭಾಗ. ಮಾಳಿಗೆಯ ಇಳಿಜಾರನ್ನಾಗಲಿ ಪಾಯದ ಫರಸಿಯನ್ನಾಗಲಿ ಯಾವ ಬಾಡಿಗೆದಾರನೂ ಕೆಡಿಸಿ ಹೋಗಲಾರ. ಈ ಆಕ್ಷೇಪ ನನ್ನ ವಾದಕ್ಕೇ ಬಲ ಕೊಡುತ್ತದೆ. ಯಾರು ಏನು ಸರಿಪಡಿಸಬೇಕು ಎಂಬುದಕ್ಕೆ ಕಾನೂನಿನಲ್ಲೂ ದಾರಿಯಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ತಿಂಗಳಿಗೆ ಹೆಚ್ಚೆಂದರೆ 3,500 ರೂಪಾಯಿ ಬಾಡಿಗೆಯ ಮನೆಗಳಿಗೆ ಸೀಮಿತ, ಅದಕ್ಕೆ ಮೇಲ್ಪಟ್ಟವು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಕರಾರುಪತ್ರದ ಅಡಿ ಬರುತ್ತವೆ. ಮಾಲೀಕರು ಮಾಡಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟರೂ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 1882ರ ಆ ಕಾಯ್ದೆಯ 108ನೇ ಕಲಮು ಹೇಳುತ್ತದೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ರಾಜ್ಯಗಳು ತಮ್ಮದಾಗಿ ಮಾಡಿಕೊಂಡಲ್ಲಿ ಮಾತ್ರ ಜಾರಿ, ಆದರೆ ಅದರ ಅನುಬಂಧದ ಪಟ್ಟಿ ಕರಾರುಪತ್ರಕ್ಕೆ ಹೇಳಿ ಮಾಡಿಸಿದಂತಿದೆ: ಕಟ್ಟಡದ ಮೂಲ ದುರಸ್ತಿ, ಸುಣ್ಣಬಣ್ಣ, ಪೈಪು, ವಯರಿಂಗು ಮಾಲೀಕರದು, ನಳದ ವಾಷರು, ಸ್ವಿಚ್ಚು ಸಾಕೆಟ್ಟು, ಗೀಸರು, ಚಿಲಕ, ಕಿಟಕಿ ಗಾಜು, ಮೋರಿ ಶುಚಿ ಬಾಡಿಗೆದಾರರದು. ಹನ್ನೊಂದು ತಿಂಗಳ ಕರಾರಿನಲ್ಲಿ ಇಷ್ಟನ್ನು ಬರೆದುಕೊಂಡರೆ ಡಿಪಾಜಿಟ್ ವಾಪಸು ಕೊಡುವ ದಿನದ ಮಾತು ಬೆಳೆಯುವುದಿಲ್ಲ.

ಹಣ ಎಲ್ಲಿದೆ ಎನ್ನುವವರಿಗೆ ಆದಾಯ ತೆರಿಗೆಯ ಲೆಕ್ಕ ತೋರಿಸಬೇಕು. ಬಾಡಿಗೆ ಆದಾಯದಲ್ಲಿ ಪಾಲಿಕೆಯ ತೆರಿಗೆ ಕಳೆದು ಉಳಿದದ್ದರ ಶೇ 30ನ್ನು, ದುರಸ್ತಿಗೆ ಖರ್ಚು ಮಾಡಿರಲಿ ಬಿಡಲಿ, ಕಳೆಯಲು ಬಿಡುತ್ತಾರೆ. ಪಾಲಿಕೆಯ ತೆರಿಗೆಯನ್ನು ಬದಿಗಿಟ್ಟರೆ ವರ್ಷಕ್ಕೆ 96,000 ಬಾಡಿಗೆಗೆ ಇದು 28,800. ಅದರಲ್ಲಿ ಅರ್ಧವನ್ನಾದರೂ ಬೇರೆ ತೆಗೆದಿಟ್ಟರೆ ಎರಡು ವರ್ಷಕ್ಕೆ ಮಾಳಿಗೆಯ ದುರಸ್ತಿಗೆ ಕೈಸಾಲ ಮಾಡಬೇಕಾಗಿಲ್ಲ. ಇದನ್ನೆಲ್ಲ ಬಿಟ್ಟು ಮೇಲೊಂದು ಮಹಡಿ ಏರಿಸಿದರೆ ಎರಡು ಬಾಡಿಗೆ ಬರುತ್ತದಲ್ಲ ಎನ್ನುವವರೂ ಇದ್ದಾರೆ. ಒಂದೇ ಮಹಡಿಗೆಂದು ಎರೆಮಣ್ಣಿನಲ್ಲಿ ಹಾಕಿದ ಹಳೆಯ ಪಾಯದ ಮೇಲೆ ಲೆಕ್ಕ ಹಾಕಿಸದೆ ಮಹಡಿ ಏರಿಸುವುದು ಜೂಜು. ಕೆಳಗಿನ ಮನೆ ತಂಪಾಗುತ್ತದೆ ನಿಜ, ಕಾಯುವ ಮಾಳಿಗೆ ಹತ್ತಡಿ ಮೇಲಕ್ಕೆ ಹೋಯಿತು ಅಷ್ಟೇ.

ಕಮಲಾಪುರಕ್ಕೆ ಬಂದರೆ ಲೆಕ್ಕ ಇನ್ನೂ ಬಿಗಿ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಮೂವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ, ಕೆಂಪು ಬಾಳೆಗೆ ಭೌಗೋಳಿಕ ಗುರುತು ಪಡೆದ ಈ ಊರು 2018ರಲ್ಲಿ ತಾಲ್ಲೂಕು ಆಯಿತು. ಕಚೇರಿಗಳು ಬಂದವು, ನೌಕರರು ಬಂದರು, ಮನೆ ಕಟ್ಟಿಸಿದರೆ ಬಾಡಿಗೆ ಗ್ಯಾರಂಟಿ ಎಂಬ ಆಸೆಯೂ ಬಂತು. ಆದರೆ ನೌಕರರ ಮನೆಬಾಡಿಗೆ ಭತ್ಯೆ ಕಚೇರಿ ಇರುವ ಊರಿನ ವರ್ಗದಂತೆ ಸಿಗುತ್ತದೆ. ರಾಜ್ಯದ ಏಳನೇ ವೇತನ ಆಯೋಗದ ನಂತರ 2024ರ ಆಗಸ್ಟ್‌ನಿಂದ ಅದು ಕಲಬುರಗಿಯಂಥ ನಗರಕ್ಕೆ ಶೇ 15, ಕಮಲಾಪುರದಂಥ ಊರಿಗೆ ಶೇ 7.5. ಮೂಲವೇತನ 40,000 ಇದ್ದವರಿಗೆ ಅಲ್ಲಿ 6,000, ಇಲ್ಲಿ 3,000. ಕಮಲಾಪುರದ ಮಾಲೀಕರು ಕೇಳಬಹುದಾದ ಬಾಡಿಗೆಗೆ ಇದೇ ಮೇಲ್ಮಿತಿ. ಅವರ ಪೈಪೋಟಿ ಪಕ್ಕದ ಮನೆಯೊಂದಿಗಲ್ಲ, ಬಸ್ಸಿನೊಂದಿಗೆ. ಮಕ್ಕಳ ಶಾಲೆ, ಆಸ್ಪತ್ರೆ ಕಲಬುರಗಿಯಲ್ಲಿರುವಾಗ, ರಸ್ತೆಯೂ ಇದೆ, 2017ರ ಅಕ್ಟೋಬರಿನಿಂದ ಬೀದರ್ ಮಾರ್ಗದ ರೈಲೂ ಇದೆ ಎನ್ನುವಾಗ, ನೌಕರ ದಿನಾ ಓಡಾಡುವುದನ್ನೇ ಆರಿಸಿಕೊಳ್ಳುವುದು ಸುಲಭ.

ಹಾಗಾಗಿ ಅಲ್ಲಿ ಬಾಡಿಗೆಗೆ ಬರುವವರು ಒಂಟಿ ನೌಕರರು, ಹೊಸದಾಗಿ ಮದುವೆಯಾದವರು, ವಾರದ ಐದು ದಿನ ಇದ್ದು ಶನಿವಾರ ಊರಿಗೆ ಹೋಗುವ ಶಿಕ್ಷಕಿಯರು. ಇವರಿಗೆ ಮೂರು ಖೋಲಿಯ ಟೈಲ್ಸ್ ಮನೆ ಬೇಡ. ಅಲ್ಲಿ ಕೆಂಪು ಮಣ್ಣಿನ ಮಸಾರಿ ನೆಲದ ಮೇಲಿನ ಮನೆಗೆ ಎರೆಮಣ್ಣಿನ ಬಿರುಕಿನ ಕಾಟ ಕಡಿಮೆ, ಪಾಯಕ್ಕೆ ಹೋಗಬೇಕಿದ್ದ ಹಣ ಅಷ್ಟು ಉಳಿಯುತ್ತದೆ. ಎರೆ ಇದ್ದ ಕಡೆ ನಗರದ ಮಾತೇ ಇಲ್ಲಿಗೂ ಸಲ್ಲುತ್ತದೆ. ಉಳಿದ ಹಣದಲ್ಲಿ ದೊಡ್ಡ ಹಳೆಯ ಮನೆಯನ್ನು ಎರಡು ಸಣ್ಣ ಭಾಗ ಮಾಡಿ, ಎರಡಕ್ಕೂ ಬೇರೆ ಬಾಗಿಲು, ಬೇರೆ ಮೀಟರು, ಒಳಗೇ ಬಚ್ಚಲು ಸಂಡಾಸು ಕೊಡಬಹುದು. ಅಂಗಳದ ಮೂಲೆಯ ಸಂಡಾಸಿಗೆ ರಾತ್ರಿ ಟಾರ್ಚು ಹಿಡಿದು ಹೋಗಬೇಕಾದ ಮನೆಗೆ ಒಂಟಿ ಶಿಕ್ಷಕಿ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಒಂದು ಭಾಗಕ್ಕೆ 3,000ದಂತೆ ಎರಡು ಭಾಗದಿಂದ 6,000 ಬಂದರೆ, ಇಡೀ ಮನೆಗೆ ಯಾರೂ ಕೊಡದ ಬಾಡಿಗೆ ಅಲ್ಲಿಗೇ ಕೈಗೆ ಸಿಕ್ಕಿತು. ಒಂದು ಭಾಗ ಖಾಲಿ ಬಿದ್ದ ತಿಂಗಳು ಇನ್ನೊಂದು ಭಾಗದ ಬಾಡಿಗೆ ನಿಲ್ಲುವುದೂ ಇಲ್ಲ.